ಸಾಕ್ಷಿ ಹೇಳಿದ ವರ್ಷ

ಹೋದ ತಿಂಗಳು ಅಮ್ಮನ ಮಂಡಿನೋವಿಗೆ ಎಣ್ಣೆ ಕಾಯಿಸಲು ಬೇಕಾದ ಬೇರು ತೊಗಟೆಗಳನ್ನು ತರಲು ಬಳೇಪೇಟೆಯ ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ನನ್ನ ಮುಖವನ್ನು ಒಂದು ಸಲ ನೋಡಿದರು. ನಾನು ಕೇಳಿದ್ದನ್ನೆಲ್ಲ ಪೊಟ್ಟಣ ಕಟ್ಟಿ ಮುಗಿಸಿ, ಒಳಗಿನಿಂದ ಒಂದು ಸೀಸೆ ತಂದು, ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

"ಬಾವಂಚಿ ಎಣ್ಣೆ. ಹಚ್ಕೊಂಡು ಬಿಸಿಲಲ್ಲಿ ಕೂತ್ರೆ ಬಣ್ಣ ಬರುತ್ತೆ. ಒಂದ್ಸಲ ಟ್ರೈ ಮಾಡಿ ನೋಡಿ ಮೇಡಂ."

ಅದೇ ವಾಸನೆ. ಕಹಿ, ಅದರ ಹಿಂದೆ ಸುಟ್ಟ ಎಳ್ಳಿನಂಥದ್ದೇನೋ. "ಬೇಡ ಬಿಡಿ, ಹಚ್ಚಿ ಆಗಿದೆ" ಎಂದು ಹೇಳಿ ಹೊರಗೆ ಬಂದೆ. ತಳ್ಳುಗಾಡಿಗಳಿಗೂ ಸ್ಕೂಟರುಗಳಿಗೂ ದಾರಿ ಬಿಡುತ್ತ ಒಂದು ಬಳೆ ಅಂಗಡಿಯ ಗೋಡೆಗೆ ಒತ್ತಿಕೊಂಡು ನಿಂತಿದ್ದವಳಿಗೆ ಚಾಮರಾಜಪೇಟೆಯ ಆ ಕಾಲೇಜಿನ ಟೆರೇಸಿನ ಬಿಸಿ ಸಿಮೆಂಟು ಅಂಗಾಲಿಗೆ ತಾಕಿದಂತಾಯಿತು.

ನನ್ನ ಮುಖ ಈಗ ಹೆಚ್ಚುಕಡಿಮೆ ಪೂರ್ತಿ ಬಿಳಿ. ಎಡ ಹುಬ್ಬಿನ ಪಕ್ಕ ಮಾತ್ರ ಒಂದಿಷ್ಟು ಹಳೆಯ ಬಣ್ಣ ಉಳಿದಿದೆ. ಗೊತ್ತಿಲ್ಲದವರು ಅದನ್ನೇ ಕಲೆ ಎಂದುಕೊಳ್ಳುತ್ತಾರೆ. ಇದು ಶುರುವಾದದ್ದು ಆ ಕಾಲೇಜಿನಲ್ಲಿ, ನನ್ನ ಕೊನೆಯ ವರ್ಷದಲ್ಲಿ.

ಅದು ಬ್ಯಾಪ್ಟಿಸ್ಟ್ ಸಭೆಯವರು ನಡೆಸುತ್ತಿದ್ದ ಚಿಕ್ಕ ಕಾಲೇಜು. ಕನ್ನಡದಲ್ಲಿ ದೇವಶಾಸ್ತ್ರ ಕಲಿಸುವ ಮೂರು ವರ್ಷದ ಕೋರ್ಸು. ಮುಗಿಸಿದ ಹುಡುಗರು ಹಳ್ಳಿಗಳ ಸಭೆಗಳಿಗೆ ಪಾಸ್ಟರುಗಳಾಗಿ ಹೋಗುತ್ತಿದ್ದರು. ಹುಡುಗಿಯರು ಸಂಡೇ ಸ್ಕೂಲು, ಮಹಿಳಾ ಕೂಟ ನೋಡಿಕೊಳ್ಳುವ ಸೇವಕಿಯರಾಗುತ್ತಿದ್ದರು. ಹಳೆಯ ಕಲ್ಲಿನ ಬಂಗಲೆ, ಹಿಂಭಾಗದಲ್ಲಿ ಹೆಂಚಿನ ಚಾಪೆಲ್. ಚಾಪೆಲಿನ ವೇದಿಕೆಯ ಹಲಗೆಗಳನ್ನು ಎತ್ತಿದರೆ ಕೆಳಗೆ ದೀಕ್ಷಾಸ್ನಾನದ ತೊಟ್ಟಿ. ನಮ್ಮಲ್ಲಿ ಮಗುವಿನ ತಲೆಗೆ ನೀರು ಚಿಮುಕಿಸುವ ಪದ್ಧತಿಯಿಲ್ಲ. ಬುದ್ಧಿ ಬಂದ ಮೇಲೆ, ತಾನಾಗಿ ಒಪ್ಪಿಕೊಂಡವರನ್ನು ಪೂರ್ತಿ ಮುಳುಗಿಸಿ ಎತ್ತುತ್ತಾರೆ. ನಾನು ಅದೇ ತೊಟ್ಟಿಯಲ್ಲಿ ಮುಳುಗಿ ಎದ್ದವಳು. ನೀರಿನಿಂದ ಮೇಲೆ ಬಂದಾಗ ಹೆಂಚಿನ ಸಂದಿನಿಂದ ಬೀಳುತ್ತಿದ್ದ ಬೆಳಕು ನೋಡಿ, ಇನ್ನು ನಾನು ನನ್ನವಳಲ್ಲ ಎಂದು ಅನ್ನಿಸಿತ್ತು. ಅದು ಆಗ ನನಗೆ ದೊಡ್ಡ ಸುಖದ ವಿಷಯವಾಗಿತ್ತು.

ನಮ್ಮ ಮನೆ ಶ್ರೀರಾಂಪುರದಲ್ಲಿ. ಅಪ್ಪ ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡಿದ್ದರು. ಅಮ್ಮ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಪಿಯುಸಿ ಆದಮೇಲೆ ನಾನು ಬಿ.ಕಾಂ. ಮಾಡಲಿ ಎಂದು ಅವಳಿಗೆ ಆಸೆ. ನಾನು ಸೇವೆಗೆ ಹೋಗುತ್ತೇನೆಂದು ಹಟ ಹಿಡಿದೆ. ನನ್ನ ಗಂಟಲು ಚೆನ್ನಾಗಿತ್ತು. ಕಾಲೇಜಿಗೆ ಸೇರಿದ ಕೆಲವೇ ದಿನಗಳಲ್ಲಿ ಚಾಪೆಲಿನಲ್ಲಿ ಹಾಡು ಶುರುಮಾಡುವ ಕೆಲಸ ನನ್ನದಾಯಿತು. "ಪ್ರಮೀಳಾ ಎತ್ಕೊಟ್ರೆ ಎಲ್ಲರೂ ಹಾಡ್ತಾರೆ" ಎನ್ನುತ್ತಿದ್ದರು.

ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದವಳು ಕೃಪಾ, ಮಾಲೂರಿನ ಕಡೆಯ ಪಾಸ್ಟರ ಮಗಳು. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದಳು. ಪ್ರಾರ್ಥನೆಗೆ ಕೂತರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಕಣ್ಣು ತೆರೆಯುತ್ತಿರಲಿಲ್ಲ. ಕೊನೆಯ ವರ್ಷ ಕಾಲೇಜು ಶುರುವಾದ ಜೂನ್ ತಿಂಗಳಲ್ಲಿ ಇಬ್ಬರೂ ಟೆರೇಸಿನಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅವಳು ನನ್ನ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡಳು.

"ಇದೇನೇ, ಸೋಪು ಹಂಗೇ ಇದೆ" ಎಂದು ನೀರು ಸುರಿದಳು. ಹೋಗಲಿಲ್ಲ. ಬೆರಳಿನಿಂದ ಉಜ್ಜಿದಳು. ಆಮೇಲೆ ಉಜ್ಜುವುದನ್ನು ನಿಲ್ಲಿಸಿ ಸುಮ್ಮನೆ ಕೈ ಹಿಡಿದುಕೊಂಡೇ ನಿಂತಳು.

ಅಮ್ಮ ನನ್ನನ್ನು ಆಯುರ್ವೇದದ ಡಾಕ್ಟರಮ್ಮನೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಅವರು ಮಾತನ್ನು ಸುತ್ತಿ ಬಳಸಿ ಹೇಳಲಿಲ್ಲ. "ಇದು ತೊನ್ನು. ಅಂಟೋದಿಲ್ಲ, ಇದರಿಂದ ಯಾರೂ ಸಾಯೋದಿಲ್ಲ. ಆದ್ರೆ ಬೇಗ ಹೋಗೋದೂ ಇಲ್ಲ. ಈ ಎಣ್ಣೆ ಹಚ್ಕೊಂಡು ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಹಿಡೀಬೇಕು, ಜೊತೆಗೆ ಮಾತ್ರೆ. ವರ್ಷಗಟ್ಟಲೆ ಆಗಬಹುದು. ಮಧ್ಯದಲ್ಲಿ ಬಿಡ್ಬೇಡ."

ಆ ವರ್ಷ ಜೂನ್, ಜುಲೈ ಎರಡೂ ತಿಂಗಳು ಬಿಸಿಲೇ ಇರಲಿಲ್ಲ. ಮಳೆಯೂ ಸರಿಯಾಗಿ ಬರದೆ, ಮೋಡವೂ ಸರಿಯದೆ, ಚಾಮರಾಜಪೇಟೆಯ ಮೇಲೆ ಒದ್ದೆ ಕಂಬಳಿ ಹಾಸಿದ ಹಾಗಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಣ್ಣೆ ಹಚ್ಚಿಕೊಂಡು ಟೆರೇಸಿನಲ್ಲಿ ಕೂತು, ಮೋಡ ಹರಿದ ಕಡೆಗೆ ಕೈ ತಿರುಗಿಸುತ್ತಿದ್ದೆ. ಒಂದು ಕಡೆಯಿಂದ ಮಸೀದಿಯ ಬಾಂಗು, ಇನ್ನೊಂದು ಕಡೆಯಿಂದ ದೇವಸ್ಥಾನದ ಗಂಟೆ, ಕೆಳಗೆ ರಸ್ತೆಯಲ್ಲಿ ಆಟೋಗಳ ಹಾರನ್ನು. ಬಿಸಿಲು ಬಿದ್ದ ಕೂಡಲೇ ಚರ್ಮ ಚುರುಗುಟ್ಟುತ್ತಿತ್ತು. ಆ ಉರಿಯೇ ನನಗೆ ಭರವಸೆ.

ಹಾಸ್ಟೆಲಿನ ವಾರ್ಡನ್ ಸುಗುಣ ಆಂಟಿಗೆ ಎಣ್ಣೆಯ ವಾಸನೆಯಿಂದಲೇ ವಿಷಯ ತಿಳಿಯಿತು. ಮರುದಿನ ಊಟದ ಮನೆಯಲ್ಲಿ ನನಗೊಂದು ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರು. ಎರಡರ ಅಡಿಗೂ ಕೆಂಪು ನೇಲ್ ಪಾಲಿಶಿನ ಚುಕ್ಕೆ.

"ಇದು ಅಂಟಲ್ಲ ಅಂತ ಡಾಕ್ಟ್ರು ಹೇಳಿದಾರೆ ಆಂಟಿ" ಎಂದೆ.

"ನಂಗೊತ್ತಿಲ್ವೇನಮ್ಮ? ನಿನ್ನ ಒಳ್ಳೇದಕ್ಕೇ ಮಾಡಿದ್ದು. ನಾಳೆ ಯಾರಾದ್ರೂ ಒಂದು ಮಾತಂದ್ರೆ ನಿಂಗೇ ಬೇಜಾರಾಗಲ್ವಾ?"

ಅನ್ನ ಬಡಿಸುವಾಗ ಸೌಟು ನನ್ನ ತಟ್ಟೆಗೆ ತಾಕದ ಹಾಗೆ ಎತ್ತರದಿಂದ ಬಡಿಸುವುದನ್ನು ಅವರು ಬಹಳ ಬೇಗ ರೂಢಿ ಮಾಡಿಕೊಂಡರು.

ಆ ವರ್ಷ ಕಾಲೇಜಿಗೆ ಹೊಸ ಪ್ರಿನ್ಸಿಪಾಲರು ಬಂದಿದ್ದರು. ಜಯಶೀಲ ಅಯ್ಯನವರು. ನಮ್ಮ ಹಿರಿಯರು ಕೈಯೆತ್ತಿ ಕೂಗುವವರಲ್ಲ. ಬ್ಯಾಪ್ಟಿಸ್ಟರ ಆರಾಧನೆ ಎಂದರೆ ಮರದ ಬೆಂಚಿನ ಮೇಲೆ ನೆಟ್ಟಗೆ ಕೂತು ಪ್ರಸಂಗ ಕೇಳುವುದು, ನಾಲ್ಕು ಹಾಡು ಹಾಡುವುದು, ಮನೆಗೆ ಹೋಗುವುದು. ಅಯ್ಯನವರಿಗೆ ಅದು ಸಾಲದಾಗಿತ್ತು. ಊರಿನ ತುಂಬ ಹೊಸ ಸಭೆಗಳು ಹುಟ್ಟಿ, ಅಲ್ಲಿ ಡ್ರಮ್ಮು, ಕೀಬೋರ್ಡು, ಸ್ವಸ್ಥತೆಯ ಕೂಟಗಳಿಗೆ ಜನ ಕಿಕ್ಕಿರಿಯುತ್ತಿದ್ದರು. ನಮ್ಮ ಕಾಲೇಜಿಗೆ ಸೇರುವವರು ಕಡಿಮೆಯಾಗುತ್ತಿದ್ದರು. "ನಮ್ಮ ದೇವರು ಜೀವಂತ ಇದಾನೆ ಅಂತ ಜನ ಕಣ್ಣಿಂದ ನೋಡ್ಬೇಕು" ಎಂದು ಅವರು ಮೊದಲ ದಿನವೇ ಹೇಳಿದ್ದರು. ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ ಶುರುಮಾಡಿದರು. ನನ್ನ ಕೈಯ ವಿಷಯ ಕಿವಿಗೆ ಬಿದ್ದ ವಾರವೇ ವೇದಿಕೆಯ ಮೇಲೆ, ತೊಟ್ಟಿಯ ಹಲಗೆಗಳ ನಡುವೆ, ಒಂದು ಕುರ್ಚಿ ಬಂತು.

ಅದರಲ್ಲಿ ನನ್ನನ್ನು ಕೂರಿಸುತ್ತಿದ್ದರು. ಉಡುಪಿನ ಬಲತೋಳು ಮೇಲಕ್ಕೆ ಮಡಚಿಸುತ್ತಿದ್ದರು. ಸುತ್ತ ಎಲ್ಲರೂ ನಿಂತು ತಲೆಯ ಮೇಲೆ, ಭುಜದ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ನನ್ನ ತಲೆ ಹತ್ತಾರು ಅಂಗೈಗಳ ಭಾರಕ್ಕೆ ಬಾಗುತ್ತಿತ್ತು. ಆದರೆ ಆ ಬಿಳಿ ಮಚ್ಚೆಯನ್ನು ಮುಟ್ಟುತ್ತಿದ್ದವಳು ಕೃಪಾ ಒಬ್ಬಳೇ. ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಹಿಡಿದು ಅಳುತ್ತ ಪ್ರಾರ್ಥಿಸುತ್ತಿದ್ದಳು. ಸೆಪ್ಟೆಂಬರಿನ ಒಂದು ಶುಕ್ರವಾರ ಉಪವಾಸದಿಂದ ತಲೆ ಸುತ್ತಿ ನನ್ನ ಕಾಲ ಬಳಿಯೇ ಬಿದ್ದಳು. ಅವಳ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದಾಗ ಅವಳು ಕೇಳಿದ ಮೊದಲ ಮಾತು, "ಹೋಯ್ತಾ?"

ನನಗೆ ಆಗ ಅವಮಾನ ಎನ್ನಿಸಿರಲಿಲ್ಲ. ಇಷ್ಟು ಜನ ನನಗಾಗಿ ಹಸಿದು ಕೂತಿದ್ದಾರಲ್ಲ ಎಂದು ಮನಸ್ಸು ತುಂಬಿ ಬರುತ್ತಿತ್ತು. ಆದರೂ ಎಣ್ಣೆ ಬಿಟ್ಟಿರಲಿಲ್ಲ. ಅಕ್ಟೋಬರಿನಲ್ಲಿ ಮಳೆ ಹಿಂದೆಗೆದು ಬಿಸಿಲು ಬಿದ್ದ ಮೇಲೆ ಮಚ್ಚೆಯ ನಡುವೆ, ಕೂದಲ ಬುಡಗಳಲ್ಲಿ, ಸಾಸಿವೆ ಎರಚಿದ ಹಾಗೆ ಕಂದು ಚುಕ್ಕೆಗಳು ಮೂಡಿದವು. ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, "ಗುಡ್, ಬರ್ತಿದೆ. ನೀನು ಅದೃಷ್ಟವಂತೆ. ಬಿಡ್ಬೇಡ" ಎಂದರು. ಕ್ರಿಸ್‌ಮಸ್ ಹತ್ತಿರ ಬರುವಷ್ಟರಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು, ಗೊತ್ತಿದ್ದವರಿಗೆ ಮಾತ್ರ ಕಾಣುವ ಹಾಗೆ ಮಚ್ಚೆ ಮಸುಕಾಯಿತು.

ಕೃಪಾ ನನ್ನ ಕೈ ಎತ್ತಿ ಹಿಡಿದು ಊಟದ ಮನೆಯಲ್ಲೆಲ್ಲ ತೋರಿಸಿದಳು. ಸುಗುಣ ಆಂಟಿ ಚುಕ್ಕೆಯ ತಟ್ಟೆಯನ್ನು ಒಳಗಿಟ್ಟರು. ಅಯ್ಯನವರು ನನ್ನನ್ನು ಆಫೀಸಿಗೆ ಕರೆಸಿ ಮಣಿಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು.

ಕ್ಯಾಮೆರಾದವರು ಚಾಪೆಲಿಗೆ ಬಂದದ್ದು ಆ ವಾರವೇ. ಹೊರದೇಶದಲ್ಲಿ ಕಾಲೇಜಿಗಾಗಿ ಪ್ರಾರ್ಥಿಸುವ, ಸಹಾಯ ಮಾಡುವ ಸಭೆಗಳಿದ್ದವು. ಅವರಿಗೆ ಕಳಿಸಲು ನನ್ನ ಸಾಕ್ಷಿಯ ವಿಡಿಯೊ. ಸಾಕ್ಷಿ ಎಂದರೆ ನಮ್ಮಲ್ಲಿ, ದೇವರು ತನಗೆ ಮಾಡಿದ್ದನ್ನು ನಾಲ್ಕು ಜನರೆದುರು ಎದ್ದು ನಿಂತು ಹೇಳುವುದು. ನಾನು ಬಿಳಿ ಸೀರೆಯುಟ್ಟು ನಿಂತು, ಜೂನ್‌ನಿಂದ ಆದದ್ದನ್ನೆಲ್ಲ ಹೇಳುತ್ತ ಹೋದೆ. "ಡಾಕ್ಟರ ಔಷಧಿಯನ್ನೂ ದೇವರು ಆಶೀರ್ವದಿಸಿ" ಎಂದಾಗ ಅಯ್ಯನವರು ಕೈ ಅಡ್ಡ ಹಿಡಿದರು.

"ಅದೊಂದು ಬಿಟ್ಟು ಇನ್ನೊಂದ್ಸಲ ಹೇಳಮ್ಮ."

"ಅಯ್ಯನವರೇ, ಬಿಟ್ರೆ ಸುಳ್ಳಾಗಲ್ವಾ?"

ಅವರು ಸಿಟ್ಟಾಗಲಿಲ್ಲ. ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು. "ಆ ಎಣ್ಣೆ ಎಷ್ಟು ಜನ ಹಚ್ತಾರೆ? ಎಲ್ಲರಿಗೂ ಹೋಗುತ್ತಾ? ನಿಂಗೆ ಯಾಕೆ ಹೋಯ್ತು?"

"ಪ್ರಾರ್ಥನೆಯಿಂದ."

"ಮತ್ತೆ? ಮಹಿಮೆ ಯಾಕೆ ಹಂಚ್ತೀಯ? ನಿನ್ನ ಮನಸ್ಸಿಗೆ ಸುಳ್ಳು ಅನ್ನಿಸ್ತಿದ್ರೆ, ಇವತ್ತಿಂದ ಆ ಔಷಧಿ ನಿಲ್ಲಿಸ್ಬಿಡು. ಆಗ ನೀನು ಹೇಳೋದರಲ್ಲಿ ಒಂದು ಅಕ್ಷರನೂ ಸುಳ್ಳಿರಲ್ಲ. ದೇವರು ಶುರು ಮಾಡಿದ್ದನ್ನ ಅವನೇ ಮುಗಿಸ್ತಾನೆ. ನಂಬ್ತೀಯ ತಾನೇ?"

ನಾನು ನಂಬುತ್ತಿದ್ದೆ. ನಂಬುವುದನ್ನು ಬಿಟ್ಟು ಬೇರೇನೂ ಬರುತ್ತಿರಲಿಲ್ಲ ನನಗೆ. ತಲೆಯಾಡಿಸಿ, ಮತ್ತೆ ಮೊದಲಿನಿಂದ ಹೇಳಿದೆ. ಕೊನೆಗೆ ಕ್ಯಾಮೆರಾದ ಮುಂದೆ ಬ್ಲೌಸಿನ ತೋಳು ಮಡಚಿ ಮಣಿಕಟ್ಟು ತೋರಿಸಿ, ಒಂದು ಹಾಡೂ ಹಾಡಿದೆ. ಸಂಜೆ ಟೆರೇಸಿಗೆ ಹೋಗಿ ಸೀಸೆಯಲ್ಲಿದ್ದ ಎಣ್ಣೆಯನ್ನೆಲ್ಲ ಮಳೆನೀರು ಹೋಗುವ ಪೈಪಿಗೆ ಸುರಿದೆ. ಕೃಪಾ ಪಕ್ಕದಲ್ಲಿ ನಿಂತು ಸ್ತೋತ್ರ ಹೇಳುತ್ತಿದ್ದಳು.

ಸಂಕ್ರಾಂತಿ ಕಳೆಯಿತು. ಬಿಸಿಲು ದಿನದಿನಕ್ಕೆ ಏರಿತು. ಎಣ್ಣೆ ಹಚ್ಚಲು ಶುರುಮಾಡಿದಾಗ ಇಣುಕಿ ನೋಡದಿದ್ದ ಸೂರ್ಯ ಈಗ ಬೆಳಗಿನಿಂದ ಸಂಜೆಯವರೆಗೆ ಟೆರೇಸಿನ ಮೇಲೆ ಬಿದ್ದಿರುತ್ತಿದ್ದ. ಮೊದಲು ಬಲಗಣ್ಣಿನ ರೆಪ್ಪೆಯ ಮೂಲೆ ತಿಳಿಯಾಯಿತು. ಆಮೇಲೆ ತುಟಿಯ ಅಂಚು. ಆಮೇಲೆ ಮಣಿಕಟ್ಟಿನ ಹಳೆಯ ಜಾಗ, ಮೊದಲಿಗಿಂತ ದೊಡ್ಡದಾಗಿ. ಫೆಬ್ರವರಿ ಮುಗಿಯುವುದರೊಳಗೆ ಬಾಯಿಯ ಸುತ್ತ, ಎರಡು ಕಣ್ಣಿನ ಸುತ್ತ ಬಿಳಿ ಬಳೆ ಇಟ್ಟ ಹಾಗಾಗಿ, ಕನ್ನಡಿಯಲ್ಲಿ ನನ್ನ ಮುಖ ಯಾರೋ ತಮಾಷೆಗೆ ಹಾಕಿಕೊಂಡ ಮುಖವಾಡದಂತೆ ಕಾಣುತ್ತಿತ್ತು.

ಮೊದಲ ಎರಡು ಮೂರು ಶುಕ್ರವಾರ ಪ್ರಾರ್ಥನೆ ಇನ್ನೂ ಜೋರಾಯಿತು. ಆಮೇಲೆ ಒಂದು ಶುಕ್ರವಾರ ವೇದಿಕೆಯ ಮೇಲೆ ಕುರ್ಚಿ ಇರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಡು ಎತ್ತಿಕೊಡಲು ಕಿರಿಯ ಹುಡುಗಿಯೊಬ್ಬಳನ್ನು ನಿಲ್ಲಿಸಿದರು. ಕೆಂಪು ಚುಕ್ಕೆಯ ತಟ್ಟೆ ಮತ್ತೆ ಹೊರಗೆ ಬಂತು. ಭಾನುವಾರಗಳಲ್ಲಿ ನಾನು ಬಿನ್ನಿಪೇಟೆಯ ಒಂದು ಸಭೆಯಲ್ಲಿ ಸಂಡೇ ಸ್ಕೂಲು ನಡೆಸುತ್ತಿದ್ದೆ. ಅಲ್ಲಿಯ ಹಿರಿಯರು ಫೋನು ಮಾಡಿ, "ಪರೀಕ್ಷೆ ಹತ್ರ ಬಂತಲ್ಲಮ್ಮ, ಇನ್ನು ನೀನು ತೊಂದರೆ ತಗೋಬೇಡ" ಎಂದರು. ಪರೀಕ್ಷೆಗೆ ಇನ್ನೂ ಬಹಳ ದಿನವಿತ್ತು.

ಒಂದು ಮಧ್ಯಾಹ್ನ ಅಯ್ಯನವರೂ ಸುಗುಣ ಆಂಟಿಯೂ ನನ್ನನ್ನು ಆಫೀಸಿನಲ್ಲಿ ಕೂರಿಸಿಕೊಂಡು ಬಾಗಿಲು ಮುಂದೆ ಮಾಡಿದರು.

"ದೇವರು ಕೊಟ್ಟಿದ್ದನ್ನ ಸುಮ್‌ಸುಮ್ನೆ ವಾಪಸ್ ತಗೊಳಲ್ಲಮ್ಮ" ಎಂದರು ಅಯ್ಯನವರು. "ನಿನ್ನ ಕಡೆಯಿಂದ ಏನೋ ಅಡ್ಡಿ ಇದೆ. ಒಪ್ಕೊಂಬಿಡು, ಹಗುರಾಗ್ತೀಯ."

ನಾನು ಹಿಂದಿನ ಕೆಲವು ದಿನಗಳಿಂದ ಅದನ್ನೇ ಹುಡುಕುತ್ತಿದ್ದೆ. ಕೃಪಾಳಿಗೆ ಗಂಡು ಗೊತ್ತಾಗುವ ಮಾತು ನಡೆಯುತ್ತಿತ್ತು, ಹುಡುಗ ತುಮಕೂರಿನ ಪಾಸ್ಟರು. ಅದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಗಿತ್ತು. ಅದನ್ನು ಹೇಳಿದೆ.

ಸುಗುಣ ಆಂಟಿ ತಲೆಯಲ್ಲಾಡಿಸಿದರು. "ಅದಲ್ಲ. ಅದು ಎಲ್ಲಾ ಹುಡುಗೀರಿಗೂ ಇರುತ್ತೆ. ಇನ್ನೂ ದೊಡ್ಡದು."

ಅಮ್ಮನಿಗೆ ಎದುರು ಮಾತಾಡಿದ್ದನ್ನು ಹೇಳಿದೆ. ಚಾಪೆಲಿನಲ್ಲಿ ತೂಕಡಿಸಿದ್ದನ್ನು ಹೇಳಿದೆ. ಯಾವುದೂ ಸಾಲಲಿಲ್ಲ. ಕೊನೆಗೆ ಆಂಟಿ ಕೇಳಿದರು. "ಯಾವುದಾದ್ರೂ ಹುಡುಗನ ವಿಷಯ ಇದೆಯಾ? ಮನೆಗೆ ಹೋದಾಗ?"

"ಇಲ್ಲ ಆಂಟಿ."

"ಯೋಚನೆ ಮಾಡಿ ಹೇಳು."

"ಇಲ್ಲ ಆಂಟಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಬಂದಾಗ ನಾನು ಏನೋ ಬಚ್ಚಿಟ್ಟವಳೆಂಬುದು ಇತ್ಯರ್ಥವಾಗಿತ್ತು.

ಕೃಪಾ ರೂಮು ಬದಲಾಯಿಸುವ ಮಾತು ಎತ್ತಿದ್ದು ಮಾರ್ಚಿನ ಮೊದಲಲ್ಲಿ. ನನ್ನ ಮಂಚದ ಮೇಲೆ, ನನ್ನ ಪಕ್ಕದಲ್ಲೇ ಕೂತಳು. ಕಣ್ಣು ಆಗಲೇ ಕೆಂಪಾಗಿತ್ತು.

"ಮುಂದಿನ ವಾರ ಅವರ ಮನೆಯವರು ನನ್ನನ್ನ ನೋಡೋಕೆ ಹಾಸ್ಟೆಲಿಗೇ ಬರ್ತಾರಂತೆ. ಅವರಮ್ಮ ಸ್ವಲ್ಪ ಹಳೇ ಕಾಲದವರು. ಒಂದೇ ರೂಮು ಅಂತ ಗೊತ್ತಾದ್ರೆ..."

"ಹೋಗು" ಎಂದೆ.

"ಹಂಗಲ್ವೇ. ನಾನಾಗಿ ಹೋದೆ ಅಂತ ನಿಂಗೆ ಅನ್ನಿಸಬಾರದು. ಇಬ್ರೂ ಸೇರಿ ಪ್ರಾರ್ಥನೆ ಮಾಡೋಣ. ದೇವರು ಏನ್ ಹೇಳ್ತಾನೋ ಹಂಗೆ."

ಮಾಡಿದೆವು. ಅವಳು ನನ್ನ ಕೈಯನ್ನು ಹಿಡಿದುಕೊಂಡೇ ಪ್ರಾರ್ಥಿಸಿದಳು, ಆದರೆ ಈ ಸಲ ಎಡಗೈಯನ್ನು. ಆಮೆನ್ ಹೇಳಿ ಕಣ್ಣು ತೆರೆದವಳ ಮುಖದಲ್ಲಿ ಸಮಾಧಾನವಿತ್ತು. "ನಂಗೆ ಶಾಂತಿ ಸಿಕ್ತು ಕಣೇ. ನಿಂಗೂ ಸಿಕ್ತಾ?" ಎಂದು ಕೇಳಿ, ಅಂದೇ ಸಂಜೆ ಹಾಸಿಗೆ ಸುತ್ತಿಕೊಂಡು ಪಕ್ಕದ ರೂಮಿಗೆ ಹೋದಳು. ಆ ಮದುವೆ ಆಯಿತು. ಈಗಲೂ ಕ್ರಿಸ್‌ಮಸ್ಸಿಗೆ ನನಗೊಂದು ಮೆಸೇಜು ಕಳಿಸುತ್ತಾಳೆ.

ಅಮ್ಮನಿಗೆ ನಾನು ಇದೇನನ್ನೂ ಹೇಳಿರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಕೈ ಚೆನ್ನಾಗಿರುವುದನ್ನು ನೋಡಿ ಅವಳು ನಿಶ್ಚಿಂತಳಾಗಿದ್ದಳು. ಆಮೇಲೆ ಓದುವುದಿದೆ ಎಂದು ನೆಪ ಹೇಳಿ ನಾನು ಮನೆಗೆ ಹೋಗುವುದನ್ನೇ ಬಿಟ್ಟಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅವಳೇ ಕೋಳಿ ಸಾರಿನ ಟಿಫನ್ ಕ್ಯಾರಿಯರು ಹಿಡಿದುಕೊಂಡು ಬಂದಳು. ಗೇಟಿನ ಹತ್ತಿರ ನಾನು ಎದುರು ಬಂದರೂ ಒಂದು ಕ್ಷಣ ಅವಳು ನನ್ನ ಹಿಂದೆ ಬೇರೆ ಯಾರನ್ನೋ ಹುಡುಕುತ್ತಿದ್ದಳು.

ಕ್ಯಾರಿಯರನ್ನು ಕೆಳಗಿಟ್ಟು ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಎಣ್ಣೆ?"

"ನಿಲ್ಲಿಸಿದೆ ಅಮ್ಮ."

"ಯಾವಾಗ?"

"ಕ್ರಿಸ್‌ಮಸ್‌ಗೆ ಮುಂಚೆ. ಅಯ್ಯನವರು..."

ಮಾತು ಮುಗಿಯುವ ಮೊದಲೇ ಕೆನ್ನೆಗೆ ಬಾರಿಸಿದಳು. ಅಮ್ಮ ನನ್ನ ಮೇಲೆ ಕೈಯೆತ್ತಿದ್ದು ಅದೊಂದೇ ಸಲ. ಆಮೇಲೆ ಅದೇ ಕೈಯಿಂದ ನನ್ನ ತುಟಿಯ ಸುತ್ತ ಸವರಿ, "ದೇವರಿಗೆ ನಿನ್ನ ಚರ್ಮ ಬೇಕಾಗಿತ್ತಂತಾ?" ಎಂದಳು. ಕ್ಯಾರಿಯರನ್ನು ಗೇಟಿನಲ್ಲೇ ಬಿಟ್ಟು ನೆಟ್ಟಗೆ ಅಯ್ಯನವರ ಮನೆಯ ಬಾಗಿಲಿಗೆ ಹೋದಳು. ಅವರ ಮನೆ ಕಾಂಪೌಂಡಿನೊಳಗೇ ಇತ್ತು. ನಾನು ಹಿಂದೆ ಓಡುತ್ತಲೇ ಡಿಸೆಂಬರಿನ ವಿಡಿಯೊ, ಅಯ್ಯನವರ ಮಾತು ಎಲ್ಲವನ್ನೂ ಹೇಳಿದೆ.

ಅಯ್ಯನವರು ಊಟ ಮುಗಿಸಿ ವರಾಂಡದಲ್ಲಿ ಕೂತಿದ್ದರು. ಎದ್ದು ನಿಂತು ಅಮ್ಮನಿಗೆ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಔಷಧಿ ನಿಲ್ಲಿಸು ಅಂತ ಹೇಳಿದ್ರಾ?"

"ಅಮ್ಮಾ, ಅದು ಅವಳ ವಿಶ್ವಾಸದ ನಿರ್ಧಾರ. ಎಲ್ಲಾ ದೇವರ ಚಿತ್ತ, ನಮಗೆ ತಿಳಿಯೋದಿಲ್ಲ."

"ಡಿಸೆಂಬರ್‌ನಲ್ಲಿ ನಿಮಗೆ ಚೆನ್ನಾಗಿ ತಿಳಿದಿತ್ತಲ್ಲ ಅಯ್ಯನವರೇ, ದೇವರ ಚಿತ್ತ. ಈಗ ಮರೆತು ಹೋಯ್ತಾ?"

ಆ ವಿಡಿಯೊ ಇನ್ನೆಲ್ಲೂ ತೋರಿಸದ ಹಾಗೆ ತೆಗೆಸಿಹಾಕಿ ಎಂದಳು ಅಮ್ಮ. ಅದು ಆಗಲೇ ಹೊರದೇಶದ ಸಭೆಗಳಲ್ಲಿ ಹರಡಿದೆ, ಅದನ್ನು ನೋಡಿದ ಕೆಲವರು ಏಪ್ರಿಲ್‌ನ ಪದವಿ ಪ್ರದಾನಕ್ಕೆ ಬರುತ್ತಿದ್ದಾರೆ, ಈಗ ಏನೂ ಮಾಡುವ ಹಾಗಿಲ್ಲ ಎಂದರು ಅವರು. ಆಮೇಲೆ, ಬಹಳ ಮರ್ಯಾದೆಯಿಂದ, "ಅವತ್ತು ಪ್ರಮೀಳಾ ಬರದಿದ್ರೆ ಒಳ್ಳೇದು. ಅವಳಿಗೇ ಮುಜುಗರ ಆಗುತ್ತೆ. ಸರ್ಟಿಫಿಕೇಟು ಮನೆಗೇ ಕಳಿಸ್ತೀವಿ. ಇನ್ನು ಸೇವೆಗೆ ಕಳಿಸೋ ವಿಷಯ... ಯಾವ ಸಭೆಯವರೂ ಈಗ ಒಪ್ಪೋದು ಕಷ್ಟ ಇದೆಯಮ್ಮ" ಎಂದರು.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಬೈಯಲಿಲ್ಲ. "ನಿಲ್ಲಿಸದೇ ಇದ್ದಿದ್ರೂ ಹರಡ್ತಿತ್ತೇನೋ. ಇದರ ಸ್ವಭಾವ ಹೇಳೋಕಾಗಲ್ಲ" ಎಂದರು. ಮತ್ತೆ ಎಣ್ಣೆ, ಮತ್ತೆ ಮಾತ್ರೆ, ಮತ್ತೆ ಬಿಸಿಲು. ಈ ಸಲ ಬೊಬ್ಬೆ ಎದ್ದಿತೇ ಹೊರತು ಬಣ್ಣ ಬರಲಿಲ್ಲ. ಎಣ್ಣೆ ಬಿಟ್ಟದ್ದರಿಂದಲೇ ಹೀಗಾಯಿತೆಂದು ಖಚಿತವಾಗಿ ಗೊತ್ತಿದ್ದರೆ ಒಬ್ಬರನ್ನು ಮನಸಾರೆ ದ್ವೇಷಿಸಬಹುದಿತ್ತು. ಅದೂ ನನಗೆ ಸಿಗಲಿಲ್ಲ. ಈಗ ಮಲ್ಲೇಶ್ವರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಮನೆಯ ಹತ್ತಿರದ ಚರ್ಚಿಗೆ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂತು ಹಾಡುತ್ತೇನೆ. ದೇವರು ಇಲ್ಲ ಎಂದುಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದೆ. ಅಷ್ಟು ಸುಲಭವಾಗಿ ಅವನು ಹೋಗುವುದಿಲ್ಲ.

ಅಯ್ಯನವರು ಬೇಡವೆಂದಿದ್ದರೂ ಆ ಏಪ್ರಿಲ್‌ನಲ್ಲಿ ಪದವಿ ಪ್ರದಾನದ ದಿನ ನಾನು ಹೋದೆ. ಅಮ್ಮನೇ ಹೊರಡಿಸಿದ್ದು. ಪದವಿ ಪಡೆಯುವ ಹುಡುಗಿಯರೆಲ್ಲ ಬಿಳಿ ಸೀರೆ ಉಡಬೇಕಿತ್ತು. ಅಮ್ಮ ನನಗೆ ಹೊಸ ಬಿಳಿ ಬ್ಲೌಸು ಹೊಲಿದಿದ್ದಳು. "ಓದಿದೀಯ, ಪಾಸಾಗಿದೀಯ. ಕೊಡದಿದ್ರೆ ಕೊಡದಿರಲಿ, ಕೂತ್ಕೊಂಡು ನೋಡೋಣ" ಎಂದಳು.

ಏಪ್ರಿಲ್ ಸೆಕೆಗೆ ಚಾಪೆಲಿನ ಹೆಂಚು ಕಾದಿತ್ತು. ಬಾಗಿಲಲ್ಲಿ ಸುಗುಣ ಆಂಟಿ ನಮ್ಮನ್ನು ತಡೆಯಲಿಲ್ಲ, ಹಿಂದಿನ ಬೆಂಚನ್ನು ತೋರಿಸಿದರು. ಮುಂದಿನ ಸಾಲಿನಲ್ಲಿ ಹೊರದೇಶದ ಅತಿಥಿಗಳು ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು. ಅವರ ನಡುವೆ ಕೃಪಾ, ಕನ್ನಡದಲ್ಲಿ ನಡೆಯುವುದನ್ನೆಲ್ಲ ಇಂಗ್ಲಿಷಿಗೆ ಹೇಳುತ್ತ. ಹೆಸರು ಕರೆದರು, ಒಬ್ಬೊಬ್ಬರೇ ಹೋದರು. ನನ್ನ ಹೆಸರನ್ನು ಕರೆಯಲಿಲ್ಲ. ಆಮೇಲೆ ಕಿಟಕಿಗಳನ್ನು ಮುಚ್ಚಿ ಪರದೆಯ ಮೇಲೆ ವಿಡಿಯೊ ಹಾಕಿದರು.

ನಾನು ಅದನ್ನು ನೋಡಿದ್ದು ಅದೇ ಮೊದಲು. ಒಬ್ಬ ಕಪ್ಪಗಿನ, ನುಣುಪು ಮುಖದ ಹುಡುಗಿ ಬಿಳಿ ಸೀರೆಯುಟ್ಟು ತೋಳು ಮಡಚಿ ತೋರಿಸುತ್ತಿದ್ದಳು. ನಗುತ್ತಿದ್ದಳು. ಆಮೇಲೆ ಹಾಡಿದಳು. ಅಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡಳು.

ಕಿಟಕಿ ತೆರೆದ ಮೇಲೆ ಅಯ್ಯನವರು ಮೈಕಿನ ಮುಂದೆ ಬಂದರು. "ಈ ಸಹೋದರಿಯನ್ನ ಇವತ್ತು ನೀವೆಲ್ಲ ನೋಡ್ಬೇಕು ಅಂತ ಆಸೆಪಟ್ಟಿದ್ರಿ. ಆದ್ರೆ ದೇವರು ಆಕೆಯನ್ನ ಆಗಲೇ ದೂರದ ಹಳ್ಳಿಯೊಂದಕ್ಕೆ ಸೇವೆಗೆ ಕಳಿಸಿದಾನೆ" ಎಂದರು. ಕೃಪಾ ಒಂದು ಗಳಿಗೆ ತಡೆದು, ಅದನ್ನೂ ಇಂಗ್ಲಿಷಿಗೆ ಹೇಳಿದಳು. ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಾಪೆಲಿನಲ್ಲಿದ್ದವರೆಲ್ಲ ತಟ್ಟಿದರು. ನನ್ನ ಮುಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಸಹಪಾಠಿಗಳೂ ತಟ್ಟಿದರು. ಒಬ್ಬರೂ ಹಿಂತಿರುಗಿ ನೋಡಲಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ಊಟಕ್ಕೆ ಜನ ಸೇರುತ್ತಿದ್ದಾಗ ನಾವು ಗೇಟಿನ ಕಡೆ ಹೊರಟೆವು. ಅತಿಥಿಗಳಲ್ಲಿ ಒಬ್ಬರು, ಬೆಳ್ಳಿಕೂದಲಿನ ಮುದುಕಿ, ನನ್ನನ್ನು ನೋಡಿ ತಾವಾಗಿ ದಾಟಿ ಬಂದರು. ಕೃಪಾ ಹಿಂದೆ ಹಿಂದೆಯೇ ಓಡಿ ಬಂದಳು. ಆ ಅಮ್ಮ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಬಿಳುಪು ಅಷ್ಟರಲ್ಲಿ ನನ್ನ ಎರಡೂ ಮುಂಗೈಗೆ ಹರಡಿತ್ತು; ಆ ಬಿಸಿಲಿನಲ್ಲಿ ಅವರ ಕೈಗೂ ನನ್ನ ಕೈಗೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಅವರ ಕಣ್ಣುಗಳಲ್ಲಿ ಅಷ್ಟು ಹೊತ್ತಿನಲ್ಲಿ ನಾನು ಕಂಡ ಮೊದಲ ಪ್ರೀತಿ ಇತ್ತು. ಏನೋ ಹೇಳಿದರು. ನನಗೆ ಅರ್ಥವಾಗಿತ್ತು. ಆದರೂ ಕೃಪಾ ನೆಲ ನೋಡುತ್ತ ಕನ್ನಡದಲ್ಲಿ ಹೇಳಿದಳು.

"ಆ ವಿಡಿಯೊದಲ್ಲಿರೋ ಹುಡುಗಿಗೆ ಆದ ಹಾಗೆ ನಿಂಗೂ ಆಗಲಿ ಅಂತ ದಿನಾ ಪ್ರಾರ್ಥನೆ ಮಾಡ್ತಾರಂತೆ."

"ಆ ಹುಡುಗಿ ನಾನೇ ಅಂತ ಹೇಳು ಕೃಪಾ" ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಹೇಳುವುದಿಲ್ಲ ಎಂದುಕೊಂಡೆ. ಆದರೆ ಹೇಳಿದಳು. ಒಂದು ಪದವನ್ನೂ ಬದಲಾಯಿಸದೆ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದಳು. ಈ ಹುಡುಗಿ ಹೇಳುತ್ತಿದ್ದಾಳೆ, ಆ ಹುಡುಗಿ ನಾನೇ ಎಂದು.

ಆ ಮುದುಕಿಯ ಮುಖ ಅರಳಿತು. ಕಣ್ಣಲ್ಲಿ ನೀರು ತುಂಬಿ ಬಂತು. ನನ್ನನ್ನು ಎಳೆದು ತಬ್ಬಿಕೊಂಡು, ಬೆನ್ನು ತಟ್ಟುತ್ತ, "ಆಮೆನ್, ಆಮೆನ್" ಎಂದರು. ಅದೇ ವಿಶ್ವಾಸ, ಹಾಗೇ ಹೇಳಿಕೊಳ್ಳುತ್ತಿರು, ಅದನ್ನು ಬಿಡಬೇಡ ಎಂದರು. ಕೃಪಾ ಅದನ್ನು ಕನ್ನಡಕ್ಕೆ ಹೇಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಶಾಮಿಯಾನದ ಕಡೆ ನಡೆದುಬಿಟ್ಟಳು.

ಗೇಟು ದಾಟಿ ರಸ್ತೆಗೆ ಬಂದ ಮೇಲೆ ಇಂಗ್ಲಿಷ್ ಬಾರದ ಅಮ್ಮ ಕೇಳಿದಳು.

"ಏನಂದ್ರು ಆಯಮ್ಮ? ನೀನೇ ಅಂತ ಹೇಳಿದ್ಯಲ್ಲ, ಗೊತ್ತಾಯ್ತಂತಾ?"

"ಆ ಹುಡುಗಿ ನಾನಲ್ವಂತೆ ಅಮ್ಮ. ನಂಬಿದ್ರೆ ಮುಂದೆ ಆಗ್ತೀನಂತೆ."

ಸ್ವಲ್ಪ ದೂರ ನಡೆದ ಮೇಲೆ ಅಮ್ಮ ತನ್ನ ಸೆರಗನ್ನು ಬಿಡಿಸಿ, ಬಿಸಿಲು ತಾಕದ ಹಾಗೆ ನನ್ನ ತಲೆಯ ಮೇಲೆ ಹೊದಿಸಿದಳು. ಅದು ನಮ್ಮಿಬ್ಬರಿಗೂ ಸಾಲದ ಸೆರಗು. ಒಬ್ಬರಿಗೊಬ್ಬರು ಒತ್ತಿಕೊಂಡು ಬಸ್‌ಸ್ಟಾಪಿನವರೆಗೆ ನಡೆದೆವು.